ಬಾಯಿ ಬಿಡು, ವಗ್ದಿ

ಅಲೆಕ್ಸಾಂಡ್ರಿಯಾದ ಅನ್ಫೂಶಿ ಕೇರಿಯಲ್ಲಿ ಮುಅಲ್ಲಿಮ್ ಗಾಬಿರ್‌ನ ಕಾಫಿ ಅಂಗಡಿಗೆ ಶುಕ್ರವಾರ ಮಧ್ಯಾಹ್ನ ಬರುವವರು ಕಾಫಿಗೆ ಬರುವುದಿಲ್ಲ, ಕಾಫಿಯಾಕ್ಕೆ ಬರುತ್ತಾರೆ. ಕಾಫಿಯಾ ಅಂದರೆ ಪ್ರಾಸ. ಆದರೆ ಎದುರಿಗೆ ಕೂತವನಿಗೆ ಅದರಲ್ಲಿ ಪ್ರಾಸಕ್ಕಿಂತ ತ್ರಾಸವೇ ಹೆಚ್ಚು. ಇಬ್ಬರು ಮೇಜಿನ ಆಚೆ ಈಚೆ ಕೂರುತ್ತಾರೆ. ಮೂರನೆಯವರು ಯಾರಾದರೂ ಒಂದು ವಿಷಯ ಕೊಡುತ್ತಾರೆ: ಟ್ರಾಮು ಅನ್ನಿ. ಒಬ್ಬ ಇನ್ನೊಬ್ಬನದು ಏನನ್ನೋ ಎತ್ತಿಕೊಂಡು, "ನಿನ್ನ ಹೊಟ್ಟೆ" ಅನ್ನುತ್ತಾನೆ. ಆಗ ಎದುರಾಳಿ, ಅವನ ಜೊತೆಗೆ ಇಡೀ ಅಂಗಡಿ, "ಇಶ್ಮಾನಾ?" ಎಂದು ಕೂಗಬೇಕು. ಅದ್ಯಾಕೆ ಹಾಗೆ ಅಂತ ಅರ್ಥ. ಕೂಗದೆ ಇರುವಂತಿಲ್ಲ, ಆಟದ ಕಟ್ಟಳೆಯೇ ಅದು. ಅದಕ್ಕೆ ಮೊದಲಿನವನು ಟ್ರಾಮಿನೊಳಗಿನ ಮಾತಿನಿಂದಲೇ ಬಾರಿಸಬೇಕು: "ಮುಂದಕ್ಕೆ ಹೋಗ್ರಿ, ಮುಂದಕ್ಕೆ ಹೋಗ್ರಿ, ಇನ್ನೂ ಜಾಗ ಇದೆ!"

ಕನ್ನಡದ ಕಿವಿಗೆ 'ಇಶ್ಮಾನಾ' ಅನ್ನುವುದು ಶ್ಮಶಾನದ ಪಕ್ಕದ ಮನೆಯ ಹಾಗೆ ಕೇಳಿಸಿದರೆ ಕೇಳಿಸಲಿ. ಒಂದು ಶುಕ್ರವಾರ ಅದು ಅಷ್ಟೇ ಹತ್ತಿರ ಹೋಗಿ ಬಂತು.

ಆ ಅಂಗಡಿಯಲ್ಲಿ ಕಾಫಿಯಾದ ಗುರು ಖಮೀಸ್ ಕಾಕಾ. ಖಮೀಸ್ ಅಂದರೆ ಅಲ್ಲಿಯ ಭಾಷೆಯಲ್ಲಿ ಗುರುವಾರ. ಹಾಗಾಗಿ ಗುರು ಹೆಸರಿನಲ್ಲೇ ಇದ್ದ. ಜೀವಮಾನವೆಲ್ಲ ಟ್ರಾಮು ಓಡಿಸಿ ನಿವೃತ್ತನಾದವನು. ಗಂಟೆಯ ಸದ್ದು ಕೇಳಿಯೇ ಯಾವ ಗಾಡಿ, ಅದರ ಯಾವ ಚಕ್ರ ಸವೆದಿದೆ ಎಂದು ಹೇಳುತ್ತಿದ್ದ. ಕಾಫಿಯಾದಲ್ಲಿ ಅವನನ್ನು ಸೋಲಿಸಿದವರಿಲ್ಲ. ಸೋಲಿಸಬೇಕೆಂದು ಹಠ ಹಿಡಿದವನು ಮಾತ್ರ ಒಬ್ಬನಿದ್ದ, ಅದೇ ಕೇರಿಯ ವಗ್ದಿ.

ವಗ್ದಿ ಓದಿದ್ದು ಇಂಜಿನಿಯರಿಂಗ್, ಒಲಿದದ್ದು ಅಣಕ. ಮೌಲ್ವಿಯವರು ಮೈಕು ಹಿಡಿಯುವ ಮುಂಚೆ ಕೆಮ್ಮುವ ಕೆಮ್ಮು, ಗಾಬಿರ್ ಹಾಲಿನವನ ಜೊತೆ ಫೋನಿನಲ್ಲಿ ಜಗಳ ಆಡುವ ದನಿ, ಬಂದರಿನ ಹಡಗಿನ ಕಹಳೆ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ತಮಾಷೆ ಏನೆಂದರೆ ಅವನ ತುಟಿ ಅಲ್ಲಾಡುತ್ತಿರಲಿಲ್ಲ. ನಿಮ್ಮ ಎದುರಿಗೇ ಕೂತು, ನಿಮ್ಮ ಹಿಂದಿನಿಂದ ನಿಮ್ಮ ಹೆಂಡತಿ ಕರೆದ ಹಾಗೆ ಕರೆಯುತ್ತಿದ್ದ.

ಹೊಟ್ಟೆಪಾಡಿಗೆ ಅವನು ಸ್ಮೂಹಾ ಬಡಾವಣೆಯ ಒಂದು ಚಿಕ್ಕ ಲ್ಯಾಬಿನಲ್ಲಿದ್ದ. ಅಲ್ಲಿ ಅವರು ಮಾಡುತ್ತಿದ್ದ ಸಾಧನಕ್ಕೆ ದೊಡ್ಡ ಹೆಸರೊಂದಿತ್ತು; ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರೂ 'ತಿರ್ಮಿಸ' ಅನ್ನುತ್ತಿದ್ದರು. ತಿರ್ಮಿಸ ಅಂದರೆ ಸಮುದ್ರದ ದಂಡೆಯಲ್ಲಿ ಕಾಗದದ ಪೊಟ್ಟಣದಲ್ಲಿ ಮಾರುವ ಹಳದಿ ಚಪ್ಪಟೆ ಕಾಳು. ಉಪ್ಪುನೀರಲ್ಲಿ ನೆನೆಸಿದ್ದು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಕಾಳು ಬಾಯಿಗೆ ಹಾರುತ್ತದೆ. ಲ್ಯಾಬಿನ ಸಾಧನವೂ ಅಷ್ಟೇ ಗಾತ್ರ, ಅದೇ ಬಣ್ಣ. ಹೊಟ್ಟೆಯ ಪಕ್ಕಕ್ಕೆ ಅಂಟಿಸಿದರೆ ಕೂದಲಿಗಿಂತ ಸಣ್ಣ ಸೂಜಿಗಳಿಂದ ಮೈಯ ಸಕ್ಕರೆಯನ್ನು ಮುಟ್ಟಿ ನೋಡುತ್ತದೆ, ಜಾಸ್ತಿ ಆದರೆ ಅದೇ ಸೂಜಿಗಳಿಂದ ಇನ್ಸುಲಿನ್ ಚೂರುಚೂರೇ ಬಿಡುತ್ತದೆ. ಸಕ್ಕರೆ ತೀರಾ ಇಳಿದರೆ ಬಿಡುವುದನ್ನು ನಿಲ್ಲಿಸಿ, ಜೇಬಿನ ಫೋನಿನಿಂದ ಕೂಗಿಸುತ್ತದೆ: "ತೀ... ತೂ ತೂ." ಆದರೆ ಒಮ್ಮೆ ಒಳಗೆ ಬಿಟ್ಟ ಮದ್ದನ್ನು ವಾಪಸ್ ಹೀರಿಕೊಳ್ಳಲು ಅದಕ್ಕೆ ಬರುವುದಿಲ್ಲ. ಅಲ್ಲಿಂದ ಮುಂದೆ ಮನುಷ್ಯರೇ ಎದ್ದು ಸಕ್ಕರೆ ತಿನ್ನಿಸಬೇಕು.

ಆ ಕೂಗನ್ನು ಮಾಡಿದವಳು ನಿರ್ಮೀನ್, ವಗ್ದಿಯ ಪಕ್ಕದ ಮೇಜಿನವಳು. ಡಾಕ್ಟರೇಟು ಪಡೆದವಳು, ನಗುವುದು ಕಡಿಮೆ. ಅಲೆಕ್ಸಾಂಡ್ರಿಯಾದ ಗದ್ದಲದಲ್ಲಿ ಮಾಮೂಲಿ ಪೀಂ ಪೀಂ ಯಾರಿಗೂ ಕೇಳಿಸುವುದಿಲ್ಲ ಎಂದು ತಿಂಗಳುಗಟ್ಟಲೆ ಕೂತು ಆ ಮೂರು ಸ್ವರ ಹುಡುಕಿದ್ದಳು. ಮೀನಿನ ಹರಾಜಿನ ನಡುವೆ, ತುಂಬಿದ ಮೈಕ್ರೊಬಸ್ಸಿನೊಳಗೆ, ಮದುವೆ ಮನೆಯ ಡೋಲಿನ ಪಕ್ಕ ನಿಂತು ಪರೀಕ್ಷೆ ಮಾಡಿದ್ದಳು.

ತಿರ್ಮಿಸವನ್ನು ಮೈಮೇಲೆ ಹಾಕಿಕೊಂಡು ನೋಡಲು ಜನ ಬೇಕಿತ್ತು. ವಗ್ದಿ ಖಮೀಸ್ ಕಾಕಾನನ್ನು ಒಪ್ಪಿಸಿದ. ಕಾಕಾನಿಗೆ ಸಕ್ಕರೆ ಕಾಯಿಲೆ ಹಳೇ ಪರಿಚಯ.

"ಏನೋ ಇಂಜಿನಿಯರ್ ಸಾಹೇಬ, ಇಷ್ಟು ದಿನ ತಿರ್ಮಿಸಾನ ನಾನು ತಿಂತಿದ್ದೆ. ಈಗ ಅದು ನನ್ನ ತಿನ್ನುತ್ತಾ?" ಅಂದ ಕಾಕಾ ಅಂಗಿ ಎತ್ತುತ್ತಾ.

"ಅದಕ್ಕೆ ರುಚಿ ಗೊತ್ತು ಕಾಕಾ. ಮುದುಕರನ್ನ ತಿನ್ನಲ್ಲ."

"ನೀನು ಹೇಳ್ತೀಯಾ ಅಂತ ಹಾಕ್ಕೋತೀನಿ. ಇದು ಕೂಗಿದ್ರೆ ನೀನು ಬರ್ಬೇಕು, ತಿಳೀತಾ?"

"ಓಡಿ ಬರ್ತೀನಿ."

ಓಡಿ ಬರುವುದಿರಲಿ, ವಗ್ದಿ ಮೊದಲು ಮಾಡಿದ ಕೆಲಸವೆಂದರೆ ಆ ಕೂಗನ್ನು ಕಲಿತದ್ದು. ನಿರ್ಮೀನ್ ತಿಂಗಳುಗಟ್ಟಲೆ ಹುಡುಕಿದ ಸ್ವರ ಅವನಿಗೆ ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಬಂತು. ಆಮೇಲೆ ಗಾಬಿರ್ ಅಂಗಡಿಯಲ್ಲಿ ಕಾಕಾ ಬಸ್ಬೂಸಾ ಅನ್ನುವ ರವೆಯ ಸಿಹಿಯ ತುಂಡಿಗೆ ಕೈ ಹಾಕಿದ ಕೂಡಲೇ ಎಲ್ಲಿಂದಲೋ "ತೀ... ತೂ ತೂ." ಕಾಕಾ ಬೆಚ್ಚಿ ಹೊಟ್ಟೆ ಮುಟ್ಟಿಕೊಳ್ಳುವನು. ಅಂಗಡಿ ಬಿದ್ದು ಬಿದ್ದು ನಗುವುದು.

"ಅಯ್ಯೂ! ಇದು ತಿರ್ಮಿಸ ಅಲ್ಲ, ಈ ತಿರುಪೆಯವನ ಬಾಯಿ!" ಎಂದು ಕಾಕಾನೂ ನಗುವನು. ಕೆಲವು ವಾರ ಹೀಗೆ ಸಾಗಿತು. ಕೊನೆಕೊನೆಗೆ ಯಾರೂ ಕಾಕಾನ ಜೇಬಿನ ಕಡೆ ತಿರುಗಿ ನೋಡುವುದನ್ನೂ ಬಿಟ್ಟರು. ಕೂಗು ಕೇಳಿದರೆ ವಗ್ದಿಯ ಕಡೆ ನೋಡುವುದೇ ವಾಡಿಕೆ ಆಯಿತು. ವಗ್ದಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅದೊಂದು ಜಾಹೀರಾತಿನ ಹಾಗೆ ಎಂದುಕೊಂಡ.

ಆ ಶುಕ್ರವಾರ ಕಾಕಾ ಮಧ್ಯಾಹ್ನದ ಊಟದ ಜೊತೆ ಬಸ್ಬೂಸಾ ತಿಂದಿದ್ದ. ತಿರ್ಮಿಸ ತನ್ನ ಕೆಲಸ ಮಾಡಿತ್ತು. ಹವಾ ಚೆನ್ನಾಗಿದೆಯೆಂದು ಅವನು ಟ್ರಾಮು ಹತ್ತದೆ ದಂಡೆಯ ಉದ್ದಕ್ಕೂ ನಡೆದುಕೊಂಡೇ ಅಂಗಡಿಗೆ ಬಂದ. ಚಹಾ ಸಕ್ಕರೆ ಇಲ್ಲದ್ದು ಕೇಳಿದ. ಗಾಬಿರ್ ವಿಷಯ ಕೊಟ್ಟ: "ಇವತ್ತು ನಮ್ಮ ಇಂಜಿನಿಯರ್ ಗೌರವಾರ್ಥ, ಔಷಧಿ ಅಂಗಡಿ!"

ಕಾಕಾ ಶುರು ಮಾಡಿದ. "ನಿನ್ನ ಬುದ್ಧಿ."

"ಇಶ್ಮಾನಾ?"

"ಬಳಸೋ ಮುಂಚೆ ಚೆನ್ನಾಗಿ ಕುಲುಕಬೇಕು."

ಅಂಗಡಿ ಮೇಜು ಬಡಿಯಿತು. ವಗ್ದಿ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ನಿಮ್ಮ ಭಾಮೈದ, ಕಾಕಾ."

"ಇಶ್ಮಾನಾ?"

"ಊಟಕ್ಕೆ ಮುಂಚೆ ಒಂದು ಸಲ, ಊಟ ಆದ್ಮೇಲೆ ಎರಡು ಸಲ."

"ನಿನ್ನ ಜೋಕು," ಅಂದ ಕಾಕಾ ತಕ್ಷಣ.

"ಇಶ್ಮಾನಾ?"

"ತಣ್ಣಗಿರೋ ಕತ್ತಲೆ ಜಾಗದಲ್ಲಿ ಇಡಬೇಕು. ಮಕ್ಕಳ ಕೈಗೆ ಸಿಗಬಾರದು."

"ನಿಮ್ಮ ಟ್ರಾಮು!"

"ಇಶ್ಮಾನಾ?"

"ಡಾಕ್ಟರನ್ನ ಕೇಳದೆ ನಿಲ್ಲಿಸೋ ಹಾಗಿಲ್ಲ!"

ಇದಕ್ಕೆ ಹುಕ್ಕಾ ಸೇದುತ್ತಿದ್ದವರೂ ನಳಿಗೆ ಬಿಟ್ಟು ಚಪ್ಪಾಳೆ ಹೊಡೆದರು. ನಿಲ್ದಾಣದಲ್ಲಿ ಜನ ಕೈ ಬೀಸುತ್ತಿದ್ದರೂ ನಿಲ್ಲದೆ ಹೋಗುತ್ತಿದ್ದ ಖಮೀಸ್‌ನ ಟ್ರಾಮು ಎಲ್ಲರಿಗೂ ನೆನಪಿತ್ತು. ವಗ್ದಿಯ ಕಿವಿ ಬಿಸಿಯಾಯಿತು. ಇವತ್ತು ನನ್ನ ದಿನ, ಅಂದುಕೊಂಡ.

ಕಾಕಾ ಹಣೆ ಒರೆಸಿಕೊಂಡ. "ನಿನ್ನ... ನಿನ್ನ ಕುರ್ಚಿ."

"ಇಶ್ಮಾನಾ?"

"ಎರಡಿದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಾಬಿರ್‌ಗೆ ಹೊಳೆಯಿತು. "ಎರಡೆರಡು! ದಿನಕ್ಕೆ ಎರಡೆರಡು ಗುಳಿಗೆ! ಅಯ್ಯೂ, ಏನು ತಲೆ ಅಂತೀರಾ!" ಎಂದು ತಾನೇ ಅರ್ಥ ಕಟ್ಟಿ ತಾನೇ ನಕ್ಕ. ಎಲ್ಲರೂ ನಕ್ಕರು. ಗುರುವಿನ ಮಾತಿಗೆ ಅರ್ಥ ಇಲ್ಲದೆ ಇರುತ್ತದೆಯೇ.

ವಗ್ದಿ ಚಹಾದ ಲೋಟ ಎತ್ತಿ ಬಾಯಿ ತುಂಬ ಒಂದು ಗುಟುಕು ತೆಗೆದುಕೊಂಡ. ಚಹಾ ಸುಡುತ್ತಿತ್ತು, ನುಂಗಲಾರದೆ ಕೆನ್ನೆಯಲ್ಲಿ ಹಿಡಿದುಕೊಂಡ. ಆಗ ಬಂತು.

"ತೀ... ತೂ ತೂ."

ಅಂಗಡಿಯೆಲ್ಲ ಅವನ ಕಡೆ ತಿರುಗಿತು. "ಅಲ್ಲಾಣೆ, ಬಾಯಿ ಅಲ್ಲಾಡಲೇ ಇಲ್ಲ ನೋಡ್ರೋ!" "ಚಹಾ ಬಾಯಲ್ಲಿಟ್ಕೊಂಡು ಮಾಡ್ದಾ!" "ಸರಿಯಾದ ಟೈಮಿಗೆ ಬಿಟ್ಟ ನೋಡು ಬಾಣ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತರು. ವಗ್ದಿ ಚಹಾ ನುಂಗಿದ. ಎದೆಯ ಮೇಲೆ ಕೈಯಿಟ್ಟು, ಚೂರು ತಲೆ ಬಾಗಿಸಿದ.

ಅಷ್ಟೇ. ಇಷ್ಟೇ ಇಷ್ಟು ತಲೆ. ಆದರೆ ಆಮೇಲೆ ಎಷ್ಟು ದಿನ ಕಳೆದರೂ ಅವನು ಎತ್ತಲಾಗದೆ ಹೋದದ್ದು ಆ ಇಷ್ಟೇ ಇಷ್ಟನ್ನು. ಯಾಕೆಂದರೆ ಕೂಗಿದ್ದು ತಾನಲ್ಲವೆಂದು ಅವನ ನಾಲಗೆಗೆ ಗೊತ್ತಿತ್ತು. ಸುಟ್ಟ ನಾಲಗೆ ಅದು, ಸುಳ್ಳು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಇನ್ನೊಂದೇ ಒಂದು ಹೊಡೆತ, ಗೆದ್ದುಬಿಡ್ತೀನಿ, ಆಮೇಲೆ ನೋಡೋಣ ಎಂದು ತಲೆಯೊಳಗೆ ಯಾರೋ ಅಂದರು. ಅದು ಯಾರ ಅಣಕವೂ ಅಲ್ಲ, ಅವನದೇ ಸ್ವಂತ ದನಿ.

"ನಿಮ್ಮ ನಾಲಗೆ, ಕಾಕಾ."

"ಇಶ್ಮಾನಾ?"

"ನುಂಗೋ ಮುಂಚೆ ನೀರಲ್ಲಿ ಕರಗಿಸ್ಬೇಕು!" ಎಂದು ಹೇಳಿ ವಗ್ದಿ ಕಾಕಾನ ತೊದಲನ್ನೇ ಅಣಕಿಸಿ ತೋರಿಸಿದ: "ನಿನ್ನ... ನ್ನಿನ್ನ ಕ್ಕುರ್ಚಿ..." ಅಂಗಡಿ ಹಾರಿ ಬಿತ್ತು. ಗಾಬಿರ್ ಕಣ್ಣು ಒರೆಸಿಕೊಂಡ. ಗುರು ಸೋಲುವುದನ್ನು ಮೊದಲ ಸಲ ನೋಡುವ ಖುಷಿ ಅಲ್ಲಿ ಎಲ್ಲರ ಮುಖದಲ್ಲೂ ಇತ್ತು.

ಕಾಕಾ ಮೇಜಿನ ಅಂಚು ಹಿಡಿದುಕೊಂಡ. ಅಂಗಿಯ ಕೊರಳು ಒದ್ದೆಯಾಗಿತ್ತು. "ನನ್ನ ಸಕ್ಕರೆ," ಅಂದ.

ನಿನ್ನ ಅನ್ನಬೇಕಾದ ಕಡೆ ನನ್ನ ಅಂದದ್ದು ಯಾರ ಗಮನಕ್ಕೂ ಬರಲಿಲ್ಲ. "ಇಶ್ಮಾನಾ?" ಎಂದು ಇಡೀ ಅಂಗಡಿ ಕೂಗಿತು.

"ಇಳೀತಾ ಇದೆ."

"ಸಕ್ಕರೆ ಇಳೀತಾ? ಯಾವ ಅಂಗಡೀಲಿ ಕಾಕಾ, ವಿಳಾಸ ಕೊಡಿ!" ಎಂದು ಯಾರೋ ಅಂದರು. ಮತ್ತೆ ನಗೆ.

"ನನ್ನ... ಸಕ್ಕರೆ."

"ಇಶ್ಮಾನಾ?"

ಈ ಸಲ ವಗ್ದಿಯೂ ಕೂಗಿದ. ಬಾಯಿ ತಾನಾಗಿ ತೆರೆದುಕೊಂಡಿತ್ತು. ಕಾಕಾ ಅವನನ್ನೇ ನೋಡುತ್ತಿದ್ದ. ಉತ್ತರ ಹೇಳಲು ಪಾಪ ಪ್ರಯತ್ನಪಟ್ಟ. ಕೇಳಿದ ಮೇಲೆ ಹೇಳಲೇಬೇಕಲ್ಲ, ಆಟದ ಕಟ್ಟಳೆ. ಜೇಬಿನಿಂದ ಇನ್ನೊಮ್ಮೆ "ತೀ... ತೂ ತೂ" ಎಂದಿತು. ಕಾಕಾ ಚಹಾದ ಲೋಟಕ್ಕೆ ಕೈ ಚಾಚಿದ. ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿದು, ಮುಚ್ಚಿ, ಮತ್ತೆ ಹಿಡಿಯಿತು.

ಆಗ ವಗ್ದಿ ಎದ್ದ. ಕುರ್ಚಿ ಬಿತ್ತು. ಗಾಬಿರ್‌ನ ಒಲೆಯ ಪಕ್ಕದ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದು, ಕಾಕಾನ ದವಡೆ ಹಿಡಿದು, ಕೆನ್ನೆಯ ಒಳಗೆ ಬೆರಳಿಂದ ಸಕ್ಕರೆ ಒತ್ತಿದ. "ನುಂಗಿ ಕಾಕಾ, ನುಂಗಿ, ನನ್ನಪ್ಪಾ ನುಂಗಿ." ಗಾಬಿರ್ ಹೆಸರಿಗೆ ತಕ್ಕ ಹಾಗೆ ಗಾಬರಿಯಾಗಿ ನೀರಿನ ಬದಲು ಹುಕ್ಕಾ ತಂದು ನಿಂತಿದ್ದ. ಇಡೀ ಅಂಗಡಿಯಲ್ಲಿ ಕೆಂಡದ ಚಟಪಟ ಒಂದೇ ಕೇಳಿಸುತ್ತಿತ್ತು.

ಕಾಕಾ ಬದುಕಿದ. ಆಸ್ಪತ್ರೆಗೆ ಒಯ್ದರು, ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಹೊಡೆದಿದ್ದರೆ ವಗ್ದಿ ತಡೆದುಕೊಳ್ಳುತ್ತಿದ್ದ. ಆದರೆ ಎಲ್ಲರೂ ಹೊಗಳಿದರು. ಆಸ್ಪತ್ರೆಯ ಬಾಗಿಲಲ್ಲೇ ಕಾಕಾನ ಹೆಂಡತಿ ಹಾಗ್ಗಾ ನಬವಿಯಾ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. "ನೀನು ಇಲ್ದಿದ್ರೆ ನಾನು ಇವತ್ತು ಕಪ್ಪು ಬಟ್ಟೆ ಹುಡುಕ್ತಾ ಇರ್ತಿದ್ದೆ ಮಗನೇ. ಅಲ್ಲಾ ನಿನ್ನ ಬಾಯನ್ನ ಸಿಹಿ ಮಾಡ್ಲಿ."

ಬಾಯಿ! ಹರಸಲು ಬೇರೆ ಅಂಗವೇ ಇರಲಿಲ್ಲವೇ ಆ ತಾಯಿಗೆ.

ಗಾಬಿರ್ ಬಂದವರಿಗೆಲ್ಲ ಹೇಳುತ್ತಿದ್ದ, "ನಾವೆಲ್ಲ ಕತ್ತೆಗಳ ಹಾಗೆ ನಗ್ತಾ ಕೂತಿದ್ವಿ. ಇಂಜಿನಿಯರ್‌ಗೆ ಮಾತ್ರ ಗೊತ್ತಾಯ್ತು ನೋಡಿ. ಏನು ಕಣ್ಣು ಅಂತೀರಾ! ಆ ದರಿದ್ರ ತಿರ್ಮಿಸ ಇತ್ತಲ್ಲ, ಅದು ಕುಂಯ್ಯಿಕ್ ಅನ್ನಲಿಲ್ಲ. ಕೂಗಿದ್ದು ಪೂರಾ ಇವನ ಬಾಯಿ, ಸಾಧನ ಸತ್ತಿತ್ತು."

ಈ ಮಾತು ಲ್ಯಾಬಿಗೂ ಮುಟ್ಟಿತು. ಅಂಗಡಿಯಲ್ಲಿ ಇದ್ದವರನ್ನೆಲ್ಲ ಲ್ಯಾಬಿನವರು ಕೇಳಿದರು. ಎಲ್ಲರದೂ ಒಂದೇ ಉತ್ತರ: ಕೂಗಲಿಲ್ಲ.

ವಗ್ದಿ ಒಳಗೆ ಬಂದಾಗ ನಿರ್ಮೀನ್ ಮೇಜಿನ ಮೇಲೆ ಚಿಕ್ಕ ಸ್ಪೀಕರುಗಳನ್ನು ಹರವಿಕೊಂಡು ಕೂತಿದ್ದಳು. ಕಣ್ಣು ಊದಿತ್ತು.

"ಫೋನು ನೋಡಿದ್ರೆ ಎರಡು ಸಲ ಕೂಗಿದೆ ಅನ್ನುತ್ತೆ ವಗ್ದಿ," ಅಂದಳು. "ಅಷ್ಟೂ ಜನಕ್ಕೆ ಕೇಳಿಸ್ಲಿಲ್ಲ ಅಂದ್ಮೇಲೆ ಅದು ಕೂಗಿದ್ರೇನು, ಬಿಟ್ರೇನು. ನನ್ನ ಸದ್ದೇ ಸರಿ ಇಲ್ಲ. ಮೀನು ಹರಾಜಿನಲ್ಲಿ ಕೇಳಿಸ್ತು, ಡೋಲಿನ ಪಕ್ಕ ಕೇಳಿಸ್ತು. ಮನುಷ್ಯರು ನಗೋ ಸದ್ದಿನಲ್ಲಿ ಪರೀಕ್ಷೆ ಮಾಡ್ಲೇ ಇಲ್ಲ ನಾನು. ನಗು ಅನ್ನೋದು ತಲೆಗೇ ಬರ್ಲಿಲ್ಲ ನೋಡು."

ಅವಳು ಕೈಯಲ್ಲಿದ್ದ ಸ್ಪೀಕರನ್ನು ಪಕ್ಕಕ್ಕೆ ತಳ್ಳಿದಳು.

"ಹಾಕ್ಕೊಂಡಿರೋರ ಹತ್ರ ಎಲ್ಲ ವಾಪಸ್ ತಗೋತಾರಂತೆ. ದೊಡ್ಡೋರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಒಬ್ಬ ಮನುಷ್ಯ ನನ್ನ ಕಿವುಡು ಸದ್ದನ್ನ ನಂಬ್ಕೊಂಡು ಸಾಯೋದ್ರಲ್ಲಿದ್ದ." ಅವಳು ತಲೆ ಎತ್ತಿದಳು. "ನೀನು ಎದುರಿಗೇ ಇದ್ಯಲ್ಲ. ನಿನಗೂ ಏನೂ ಕೇಳಿಸ್ಲಿಲ್ವಾ?"

ಇಂಥ ಹೊತ್ತಿನಲ್ಲಿ ವಗ್ದಿಯ ಬಾಯಿಂದ ಏನಾದರೂ ಹಾರಿಬರುವುದು ರೂಢಿ. ಈ ಸಲ ಬಂದದ್ದು ಇಷ್ಟೇ: "ಗಲಾಟೆ ಜಾಸ್ತಿ ಇತ್ತು."

ಸುಳ್ಳಲ್ಲ. ಗಲಾಟೆ ಜಾಸ್ತಿಯೇ ಇತ್ತು. ನಿಜದ ಸಿಪ್ಪೆಯನ್ನು ಅವಳ ಕೈಗಿಟ್ಟು ಅವನು ತನ್ನ ಮೇಜಿಗೆ ಹೋಗಿ ಕೂತ. ಇಡೀ ದಿನ ಪಕ್ಕದ ಮೇಜಿನಿಂದ "ತೀ... ತೂ ತೂ" ಕೇಳುತ್ತಲೇ ಇತ್ತು, ಒಮ್ಮೆ ಜೋರಾಗಿ, ಒಮ್ಮೆ ಒರಟಾಗಿ, ಒಮ್ಮೆ ಬಿಕ್ಕುವ ಹಾಗೆ. ಒಂದೊಂದು ಸಲ ಕೇಳಿದಾಗಲೂ ಅವನ ಕುತ್ತಿಗೆ ತಾನಾಗಿ ಚೂರು ಬಾಗುತ್ತಿತ್ತು.

ಮರುದಿನ ಕಾಕಾನ ಮೈಯಿಂದ ತಿರ್ಮಿಸ ತೆಗೆದುಕೊಂಡು ಬರಲು ಅವನನ್ನೇ ಕಳಿಸಿದರು. ಹಾಗ್ಗಾ ನಬವಿಯಾ ಬಾಗಿಲಲ್ಲೇ ಅವನಿಗಾಗಿ ಸಯ್ಯಾದಿಯಾ, ಅಂದರೆ ಮೀನಿನ ಅನ್ನ, ಮಾಡಿದ್ದಾಗಿ ಹೇಳಿ, ಮೀನಿನ ದೊಡ್ಡ ತುಂಡನ್ನೇ ಹುಡುಕಲು ಅಡುಗೆಮನೆಗೆ ಹೋದಳು. ಕಾಕಾ ಬಾಲ್ಕನಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಮಡಿಲಲ್ಲಿ ಕಾಗದದ ಪೊಟ್ಟಣ, ತಿನ್ನುವ ತಿರ್ಮಿಸ.

"ಬಾರೋ ಹೀರೋ," ಅಂದ.

"ಹಾಗನ್ಬೇಡಿ ಕಾಕಾ."

"ಊರೆಲ್ಲ ಅಂತಿದೆ, ನಾನೊಬ್ಬ ಅನ್ನದಿದ್ರೆ ಹೊಟ್ಟೆ ಉರಿ ಅಂತಾರೆ. ಕೂತ್ಕೋ. ತೆಗಿಯೋಕೆ ಬಂದ್ಯಾ?"

"ಲ್ಯಾಬಿನವರು ಹೇಳಿದಾರೆ. ಸದ್ದು ಸರಿ ಇಲ್ಲ ಅಂತ..."

"ಓಹೋ. ಸದ್ದು ಸರಿ ಇಲ್ಲ." ಕಾಕಾ ಒಂದು ಕಾಳು ಹಿಸುಕಿ ಬಾಯಿಗೆ ಹಾರಿಸಿದ. ಸಿಪ್ಪೆಯನ್ನು ವಗ್ದಿಯ ಮುಂದಿನ ತಟ್ಟೆಗೆ ಹಾಕಿದ. "ಆವತ್ತಿನ ಆಟ ಅರ್ಧಕ್ಕೆ ನಿಂತಿತ್ತಲ್ಲ. ನನ್ನ ಸರದಿ ಇತ್ತು. ಮುಗಿಸೋಣ. ವಿಷಯ, ತಿರ್ಮಿಸ."

"ಕಾಕಾ, ನೀವಿನ್ನೂ ಸುಧಾರಿಸ್ಕೊಂಡಿಲ್ಲ..."

"ನಿನ್ನ ಬಾಯಿ," ಅಂದ ಕಾಕಾ.

ಕಾಕಾ ಕಾದ. ಅಡುಗೆಮನೆಯಲ್ಲಿ ಎಣ್ಣೆ ಸಿಡಿಯಿತು. ಕೇಳದೆ ಬಿಡುವಂತಿಲ್ಲ.

"ಇಶ್ಮಾನಾ?" ಎಂದ ವಗ್ದಿ. ದನಿ ತನಗೇ ಕೇಳಿಸಲಿಲ್ಲ.

"ಸಿಪ್ಪೆ ಮಾತ್ರ ಹೊರಗೆ ಹಾಕುತ್ತೆ. ಕಾಳು ಒಳಗೇ ಇಟ್ಕೊಳುತ್ತೆ."

ಯಾರೂ ಮೇಜು ಬಡಿಯಲಿಲ್ಲ. ವಗ್ದಿ ತಟ್ಟೆಯ ಸಿಪ್ಪೆಯನ್ನೇ ನೋಡುತ್ತಿದ್ದ.

"ನಲವತ್ತು ವರ್ಷ ಗಂಟೆ ಬಾರಿಸ್ದೋನು ನಾನು," ಅಂದ ಕಾಕಾ ಮೆಲ್ಲಗೆ. "ನೀನು ಕೂಗೋ ತೂತೂಗೂ ಅದು ಕೂಗೋ ತೂತೂಗೂ ವ್ಯತ್ಯಾಸ ನಂಗೆ ಗೊತ್ತಾಗಲ್ವಾ? ನೀನು ಕೊನೇದನ್ನ ಚೂರು ಎಳೀತೀಯ. ಚಪ್ಪಾಳೆಗೆ ಜಾಗ ಬಿಡ್ತೀಯ. ಅದು ಎಳೆಯಲ್ಲ. ಅದಕ್ಕೆ ಚಪ್ಪಾಳೆ ಬೇಡ."

"ಕಾಕಾ, ನಾನು..."

"ಚಹಾ ನುಂಗ್ದೆ. ತಲೆ ಬಗ್ಗಿಸ್ದೆ. ನಿನ್ನನ್ನೇ ನೋಡ್ತಿದ್ದೆ ಕಣೋ. ಎರಡೆರಡು ಕಾಣ್ತಿದ್ದೆ. ಇಬ್ಬರೂ ತಲೆ ಬಗ್ಗಿಸಿದ್ರಿ."

ವಗ್ದಿ ಅವನ ಕೈ ಹಿಡಿಯಲು ಹೋದ. ಕಾಕಾ ಕೈ ಕೊಡಲಿಲ್ಲ, ಪೊಟ್ಟಣ ಕೊಟ್ಟ.

"ನನ್ನ ಹತ್ರ ಅಳ್ಬೇಡ. ನಾನು ಅಲ್ಲೇ ಇದ್ದೆ, ನಂಗೆ ಹೊಸ ಸುದ್ದಿ ಏನಲ್ಲ. ಅಲ್ಲಿ ಇಲ್ದೇ ಇದ್ದೋರು ಯಾರೋ ಇರ್ತಾರಲ್ಲ, ಸದ್ದು ಮಾಡಿದೋರು. ಅವರ ಹತ್ರ ಹೋಗು." ಅಂಗಿ ಕೆಳಗೆಳೆದು ಹೊಟ್ಟೆ ಮುಚ್ಚಿಕೊಂಡ. "ಇದನ್ನ ಕೊಡಲ್ಲ. ಆವತ್ತು ಆ ಅಂಗಡೀಲಿ ನನಗೋಸ್ಕರ ಬಾಯಿಬಿಟ್ಟಿದ್ದು ಇದೊಂದೇ."

ಹಾಗ್ಗಾ ನಬವಿಯಾ ಮೀನಿನ ತಟ್ಟೆ ತಂದಳು. ವಗ್ದಿ ತಿಂದ. ತಿನ್ನದೆ ಏಳಲು ಆ ಮನೆಯಲ್ಲಿ ಬಿಡುತ್ತಿರಲಿಲ್ಲ. ಪ್ರತಿ ತುತ್ತಿಗೂ ಅವಳು, "ತಿನ್ನು ಮಗನೇ, ನೀನು ಕೊಟ್ಟ ಜೀವ ಇದು," ಎನ್ನುತ್ತಿದ್ದಳು. ಕಾಕಾ ಬಾಲ್ಕನಿಯಿಂದ ಸಮುದ್ರ ನೋಡುತ್ತಿದ್ದ.

ಅಲ್ಲಿಂದ ನೇರ ಲ್ಯಾಬಿಗೆ ಹೋದ. ನಿರ್ಮೀನ್‌ಗೆ ಹೇಳುವಾಗ ವಗ್ದಿ ಬಾಗಿಲ ಹಿಡಿಯನ್ನು ಬಿಡಲಿಲ್ಲ.

"ಕೇಳಿಸಿತ್ತು."

"ಏನು?"

"ನಿಮ್ಮ ಸದ್ದು. ಮೊದಲನೇ ಸಲವೇ. ಎಲ್ಲರಿಗೂ ಕೇಳಿಸ್ತು. ನಾನೇ ಕೂಗಿದೆ ಅಂದ್ಕೊಂಡ್ರು. ವಾರಗಟ್ಟಲೆ ಕೂಗಿ ಕೂಗಿ ನಾನೇ ರೂಢಿ ಮಾಡಿಸಿದ್ದೆ. ಚಪ್ಪಾಳೆ ಹೊಡೆದ್ರು, ನಾನು... ತಗೊಂಡೆ. ಆಟ ಗೆಲ್ಲೋದ್ರಲ್ಲಿದ್ದೆ."

ಅವಳು ಮೊದಲು ಕೇಳಿದ್ದು ಅವನು ನಿರೀಕ್ಷಿಸಿದ್ದೇ ಅಲ್ಲ. "ಅಷ್ಟು ನಗೂನ ಮಧ್ಯೆ ಸ್ಪಷ್ಟವಾಗಿ ಕೇಳಿಸ್ತಾ?"

"ಗಂಟೆ ಬಾರಿಸಿದ ಹಾಗೆ."

ನಿರ್ಮೀನ್ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಕಣ್ಣು ತೆರೆದಳು. ಅದಕ್ಕಿಂತ ಮುಚ್ಚಿದ್ದೇ ವಾಸಿಯಿತ್ತು.

"ನಿನ್ನೆ ನಾನು ಕೇಳ್ದೆ. ಇಲ್ಲೇ, ಈ ಕುರ್ಚೀಲಿ ಕೂತು ಕೇಳ್ದೆ. ಗಲಾಟೆ ಜಾಸ್ತಿ ಇತ್ತು ಅಂದೆ."

"ಹೂಂ."

"ಕತ್ತೆ ಅಂತ ಬೈಯೋಣ ಅಂದ್ರೆ ಆ ದನೀನೂ ನಿಂಗೆ ಬರುತ್ತೆ. ಏನಂತ ಬೈಲಿ ಹೇಳು." ಅವಳು ಹರವಿದ್ದ ಸ್ಪೀಕರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. "ನೀನು ಮಾಡಲಾಗದ ಸದ್ದು ಅಂತ ಒಂದನ್ನ ನಾನು ಮಾಡೋಕಾಗಲ್ಲ. ಮಾಡಿದ್ರೆ ಸಂಜೆಗೆ ಕಲ್ತಿರ್ತೀಯ. ನನಗೆ ಹೇಳಿದ್ದು ಸಾಲದು ವಗ್ದಿ. ಕೂಗಲಿಲ್ಲ ಅಂದೋರು ಅಲ್ಲಿದ್ದಾರೆ. ಅವರ ಮುಂದೆ ಹೇಳು. ನಾನೂ ಬರ್ತೀನಿ."

ಶುಕ್ರವಾರ ಅಂಗಡಿ ತುಂಬಿತ್ತು. ಕಾಕಾ ಮೊದಲ ಸಲ ಹೊರಗೆ ಬಂದಿದ್ದ; ಗಾಬಿರ್ ಅವನ ಕುರ್ಚಿಗೆ ಮೆತ್ತೆ ಹಾಕಿಸಿದ್ದ. ನಿರ್ಮೀನ್ ರಸ್ತೆಯ ಕಡೆಯ ಮೇಜಿನಲ್ಲಿ ಕೂತು ಸೋಂಪಿನ ಕಷಾಯ ಹಿಡಿದಿದ್ದಳು, ಕುಡಿಯುತ್ತಿರಲಿಲ್ಲ. ವಗ್ದಿ ಬಂದ ಕೂಡಲೇ ಚಪ್ಪಾಳೆ. ಅವನು ಕೂರದೆ ಅಂಗಡಿಯ ನಡುವೆ ನಿಂತ.

"ಒಂದು ಮಾತು ಹೇಳ್ಬೇಕು," ಅಂದ. "ಆವತ್ತು ಕೂಗಿದ್ದು ತಿರ್ಮಿಸ."

"ಇಶ್ಮಾನಾ?" ಎಂದು ಅಂಗಡಿ ಸಂತೋಷದಿಂದ ಕೂಗಿತು.

"ಆಟ ಅಲ್ಲ. ನಿಜವಾಗ್ಲೂ. ನಾನು ಕೂಗ್ಲಿಲ್ಲ. ನನ್ನ ಬಾಯಲ್ಲಿ ಚಹಾ ಇತ್ತು."

"ಇಶ್ಮಾನಾಆಆ?"

"ದಯವಿಟ್ಟು ಕೇಳ್ರೋ! ನಾನು ಸುಳ್ಳುಗಾರ!"

"ಇಶ್ಮಾನಾ?" ಮೇಜುಗಳು ಕುಣಿದವು. ಗಾಬಿರ್ ಪಕ್ಕದವನಿಗೆ, "ಕಾಯ್ತಾ ಇರು, ಕೊನೇಲಿ ಎಲ್ಲಿಗೆ ತಂದು ಹೊಡೀತಾನೆ ನೋಡು," ಎಂದು ಮೊಣಕೈಯಿಂದ ತಿವಿದ.

ವಗ್ದಿಗೆ ಆಗ ಗೊತ್ತಾಯಿತು, "ನನ್ನ ಸಕ್ಕರೆ" ಎಂದ ಮನುಷ್ಯ ಆ ಕುರ್ಚಿಯಲ್ಲಿ ಕೂತು ಏನನ್ನು ಕೇಳಿಸಿಕೊಂಡಿದ್ದನೆಂದು. ಎಷ್ಟು ಜೋರಾಗಿ ಹೇಳಿದರೂ ಮಾತು ನಗೆಯ ಹೊಟ್ಟೆಗೆ ಬೀಳುತ್ತಿತ್ತು. ಬೆವರು ಬಂತು. ಅವನು ಕಾಕಾನ ಕಡೆ ನೋಡಿದ. ಕಾಕಾ ನಗುತ್ತಿರಲಿಲ್ಲ. ಅವನ ಕೈ ಮೆಲ್ಲಗೆ ಎದೆಯ ಜೇಬಿಗೆ ಹೋಯಿತು. ಪರೀಕ್ಷೆಗೆಂದು ಕೂಗಿಸುವ ಗುಂಡಿ ಎಲ್ಲಿದೆಯೆಂದು ನಿರ್ಮೀನ್ ಆಗಷ್ಟೇ ತೋರಿಸಿದ್ದಳು.

"ತೀ... ತೂ ತೂ."

ಚಪ್ಪಾಳೆಗೆ ಕೈಗಳು ಎದ್ದವು. ಎಲ್ಲರೂ ವಗ್ದಿಯ ಕಡೆ ತಿರುಗಿದರು.

ವಗ್ದಿ ಬಾಯಿ ಬಿಟ್ಟ. ಡಾಕ್ಟರ ಮುಂದೆ ಮಕ್ಕಳು ಬಿಡುವ ಹಾಗೆ, ಕಿರುನಾಲಗೆ ಕಾಣುವ ತನಕ ಬಿಟ್ಟ. ನಾಲಗೆ ಹೊರಗೆ ಚಾಚಿ ಹಾಗೇ ನಿಂತ.

"ತೀ... ತೂ ತೂ," ಅಂದಿತು ಜೇಬು.

ಎದ್ದ ಕೈಗಳು ಗಾಳಿಯಲ್ಲೇ ನಿಂತವು. ಒಂದು ಕೈ ಇಳಿಯಿತು, ಆಮೇಲೆ ಇನ್ನೊಂದು. ಗಾಬಿರ್ ಆ ತೆರೆದ ಬಾಯನ್ನು ನೋಡಿದ, ಕಾಕಾನ ಜೇಬನ್ನು ನೋಡಿದ, ಮತ್ತೆ ಬಾಯನ್ನು ನೋಡಿದ. ಅವನ ಮುಖದಲ್ಲಿ ನಗು ಇನ್ನೂ ಅಂಟಿಕೊಂಡಿತ್ತು, ತೆಗೆಯಲು ಮರೆತವನ ಹಾಗೆ.

"ಆವತ್ತೂ..." ಅಂದ ಗಾಬಿರ್. "ಚಪ್ಪಾಳೆ ಹೊಡೆದ್ವಲ್ಲ, ಆವಾಗ್ಲೂ..."

ವಗ್ದಿ ಹೌದೆಂದು ತಲೆ ಆಡಿಸಿದ. ಬಾಯಿ ಮುಚ್ಚಲು ಧೈರ್ಯವಾಗಲಿಲ್ಲ. ದವಡೆ ನೋಯುತ್ತಿತ್ತು, ಜೊಲ್ಲು ಗಲ್ಲಕ್ಕೆ ಇಳಿಯುತ್ತಿತ್ತು, ಕಣ್ಣಿನದೂ ಅಲ್ಲಿಗೇ ಬಂದು ಸೇರಿತು.

"ನಿನಗೆ ಗೊತ್ತಿತ್ತು," ಅಂದ ಗಾಬಿರ್.

ಯಾರೂ ಇಶ್ಮಾನಾ ಅನ್ನಲಿಲ್ಲ.